ಕಡಲು ಬಿಟ್ಟುಹೋದ ಬಂದರು: ಓಸ್ಟಿಯಾದ ಅವಶೇಷಗಳನ್ನು ಓದುವ ಬಗೆ

ರೋಮ್ ನಗರದಿಂದ ನೈಋತ್ಯಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ, ಟೈಬರ್ ನದಿಯ ಕೆಳಹರಿವಿನಲ್ಲಿ, ಓಸ್ಟಿಯಾ ಆಂಟಿಕಾ ಎಂಬ ಪಾಳುಪಟ್ಟಣವಿದೆ. ಪ್ರಾಚೀನ ರೋಮಿನ ಬಂದರು ಪಟ್ಟಣವೆಂದು ಪ್ರಸಿದ್ಧವಾದ ಈ ಸ್ಥಳವನ್ನು ನೋಡಲು ಹೋದವರಿಗೆ ಮೊದಲು ಎದುರಾಗುವ ತೊಡಕೆಂದರೆ, ಅಲ್ಲಿ ಬಂದರೇ ಕಾಣುವುದಿಲ್ಲ. ಕಲ್ಲುಹಾಸಿನ ಉದ್ದನೆಯ ಬೀದಿಗಳು, ಎದೆಯೆತ್ತರದಿಂದ ಎರಡು ಮಹಡಿಗಳವರೆಗೆ ಉಳಿದಿರುವ ಇಟ್ಟಿಗೆಯ ಗೋಡೆಗಳು, ಸ್ನಾನಗೃಹಗಳು, ರಂಗಮಂದಿರ, ಅಂಗಡಿಸಾಲುಗಳು ಎಲ್ಲವೂ ಇವೆ. ಹಡಗು ಕಟ್ಟುವ ಧಕ್ಕೆಯಾಗಲಿ, ಅಲೆಯ ಸದ್ದಾಗಲಿ ಇಲ್ಲ. ಸಮುದ್ರತೀರ ಅಲ್ಲಿಂದ ಮೂರ್ನಾಲ್ಕು ಕಿಲೋಮೀಟರ್ ಆಚೆಗಿದೆ. ಪಟ್ಟಣದ ಪಶ್ಚಿಮದ ಹೆಬ್ಬಾಗಿಲಿಗೆ ‘ಕಡಲ ಬಾಗಿಲು’ ಎಂಬ ಹೆಸರಿದ್ದರೂ ಅದರ ಹೊರಗೆ ಇಂದು ಕಾಣುವುದು ಬಯಲು ಮತ್ತು ರಸ್ತೆ ಮಾತ್ರ.

ಪಾಂಪೇಯಂತಹ ಊರನ್ನು ಓದುವುದು ಒಂದು ಬಗೆಯಲ್ಲಿ ಸುಲಭ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿ ಅದನ್ನು ಮುಚ್ಚಿದ್ದರಿಂದ, ಒಲೆಯ ಮೇಲಿನ ಪಾತ್ರೆಯೂ ಸೇರಿದಂತೆ ಅಂದಿನ ಬದುಕು ಇದ್ದಂತೆಯೇ ನಿಂತುಬಿಟ್ಟಿದೆ. ಓಸ್ಟಿಯಾ ಹಾಗೆ ಸಾಯಲಿಲ್ಲ. ಅದು ಸುಮಾರು ಎಂಟು ನೂರು ವರ್ಷ ಬಾಳಿ, ಮತ್ತೆ ಕೆಲವು ನೂರು ವರ್ಷ ನಿಧಾನವಾಗಿ ಖಾಲಿಯಾಯಿತು. ಬಿಟ್ಟುಹೋದವರು ತಮ್ಮ ಸಾಮಾನುಗಳನ್ನು ಹೊತ್ತುಕೊಂಡು ಹೋದರು. ಆಮೇಲೆ ಬಂದವರು ಅಮೃತಶಿಲೆಯನ್ನೂ ಕಿತ್ತುಕೊಂಡು ಹೋದರು. ಆದುದರಿಂದ ಇಲ್ಲಿ ಉಳಿದಿರುವುದು ಗೋಡೆ, ನೆಲ ಮತ್ತು ಬರಹ. ಇವು ಮೂರರಿಂದಲೇ ಒಂದು ಬಂದರು ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಕಟ್ಟಿಕೊಳ್ಳಬೇಕಾಗಿದೆ. ನನ್ನ ಮಟ್ಟಿಗೆ ಓಸ್ಟಿಯಾದ ಆಕರ್ಷಣೆ ಇರುವುದೂ ಇಲ್ಲಿಯೇ.

ಹೆಸರಿನಿಂದಲೇ ಆರಂಭಿಸಬಹುದು. ಲ್ಯಾಟಿನ್ ಭಾಷೆಯಲ್ಲಿ ‘ಓಸ್ಟಿಯಮ್’ ಎಂದರೆ ಬಾಯಿ ಅಥವಾ ಬಾಗಿಲು. ನದಿಯ ವಿಷಯದಲ್ಲಿ ಹೇಳುವಾಗ ಅದು ಕಡಲು ಸೇರುವ ಜಾಗ, ನಮ್ಮ ಕರಾವಳಿಯವರ ಮಾತಿನಲ್ಲಿ ಅಳಿವೆ. ಮಳೆಗಾಲ ಕಳೆದ ಮೇಲೆ ಅಳಿವೆಯ ಮರಳುದಿಬ್ಬ ಎಲ್ಲಿ ಎದ್ದಿದೆ, ದೋಣಿ ಹೋಗುವ ದಾರಿ ಎಲ್ಲಿಗೆ ಸರಿದಿದೆ ಎಂದು ನೋಡುವ ಅಭ್ಯಾಸವಿರುವವರಿಗೆ ಓಸ್ಟಿಯಾದ ಕಥೆಯ ಅರ್ಧಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಮನರ ಪರಂಪರೆಯ ಪ್ರಕಾರ ಈ ಊರನ್ನು ಸ್ಥಾಪಿಸಿದವನು ಅವರ ನಾಲ್ಕನೆಯ ಅರಸ ಆಂಕುಸ್ ಮಾರ್ಸಿಯುಸ್, ಅಂದರೆ ಕ್ರಿ.ಪೂ. 7ನೇ ಶತಮಾನದಲ್ಲಿ. ಅಗೆತದಲ್ಲಿ ಸಿಕ್ಕಿರುವ ಊರು ಅಷ್ಟು ಹಳೆಯದಲ್ಲ. ಪಟ್ಟಣದ ನಡುವೆ ಸಿಕ್ಕಿರುವ ಅತ್ಯಂತ ಹಳೆಯ ಕಟ್ಟಡವೆಂದರೆ ಕ್ರಿ.ಪೂ. 4ನೇ ಶತಮಾನದ ಕೊನೆಯ ಭಾಗದ ಒಂದು ಆಯತಾಕಾರದ ಕೋಟೆ. ಅದರ ಅಳತೆ ಸುಮಾರು 194 ಮೀಟರ್‌ಗೆ 125 ಮೀಟರ್. ದೊಡ್ಡ ದೊಡ್ಡ ಟಫ್ ಕಲ್ಲುಗಳ (ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು) ಅದರ ಗೋಡೆಯ ತುಂಡುಗಳು ನಂತರದ ಅಂಗಡಿಗಳ ಹಿಂಗೋಡೆಗಳಾಗಿ ಉಳಿದಿವೆ. ಕೋಟೆಯ ಒಳಗೆ ಅಡ್ಡಲಾಗಿ ಹಾಯುತ್ತಿದ್ದ ಎರಡು ಬೀದಿಗಳೇ ಮುಂದೆ ಇಡೀ ಪಟ್ಟಣದ ಮುಖ್ಯ ಬೀದಿಗಳಾದವು. ಆರಂಭದಲ್ಲಿ ಇದು ನದಿಬಾಯಿಯನ್ನು ಕಾಯುವ ಸೈನಿಕ ಠಾಣೆಯಾಗಿತ್ತೇ ಹೊರತು ವ್ಯಾಪಾರದ ಊರಾಗಿರಲಿಲ್ಲ.

ವ್ಯಾಪಾರದ ಊರಾಗುತ್ತಿದ್ದಂತೆ ನದಿಯ ಸ್ವಭಾವ ಅಡ್ಡ ಬಂತು. ಟೈಬರ್ ಕೆಸರು ಹೊರುವ ನದಿ. ಬೆಟ್ಟಗಳಿಂದ ತಂದ ಮಣ್ಣನ್ನು ಅದು ಕಡಲಿಗೆ ಸುರಿಯುತ್ತದೆ, ಅಲೆಗಳು ಅದನ್ನು ದಡದುದ್ದಕ್ಕೂ ಹರಡುತ್ತವೆ, ದಡ ವರ್ಷವರ್ಷವೂ ಮುಂದೆ ಸರಿಯುತ್ತದೆ. ಆಗಸ್ಟಸ್ ಚಕ್ರವರ್ತಿಯ ಕಾಲದ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಓಸ್ಟಿಯಾವನ್ನು ಬಂದರೇ ಇಲ್ಲದ ಊರೆಂದು ಕರೆದಿದ್ದಾನೆ. ಹೂಳಿನ ಕಾರಣದಿಂದ ದೊಡ್ಡ ಹಡಗುಗಳು ಆಳ ಸಮುದ್ರದಲ್ಲಿಯೇ ಲಂಗರು ಹಾಕುತ್ತಿದ್ದುವೆಂದೂ, ಸಣ್ಣ ದೋಣಿಗಳು ಬಂದು ಸರಕನ್ನು ಇಳಿಸಿಕೊಳ್ಳುತ್ತಿದ್ದುವೆಂದೂ ಅವನ ವರ್ಣನೆ. ಈ ಮಾತಿಗೆ ಮಣ್ಣಿನ ಸಾಕ್ಷಿಯೂ ಈಚೆಗೆ ಸಿಕ್ಕಿದೆ. ಪಟ್ಟಣದ ವಾಯವ್ಯ ಅಂಚಿನಲ್ಲಿ ಕೊಳವೆ ಇಳಿಸಿ ತೆಗೆದ ಮಣ್ಣಿನ ಕಂಬಗಳಲ್ಲಿ, ಆರು ಮೀಟರಿಗೂ ಹೆಚ್ಚು ಆಳವಿದ್ದ ಒಂದು ನದೀಬಂದರಿನ ಕೆಸರು ಪದರ ಪದರವಾಗಿ ಕಾಣಿಸಿತು. ಆ ಕೆಸರಿನಲ್ಲಿರುವ ಸೂಕ್ಷ್ಮ ಚಿಪ್ಪುಜೀವಿಗಳ ಜಾತಿಯನ್ನು ನೋಡಿ ಅಲ್ಲಿದ್ದ ನೀರು ಸಿಹಿಯೋ ಉಪ್ಪೋ ಎಂದು, ಮರಳಿನ ಕಣದ ಗಾತ್ರವನ್ನು ನೋಡಿ ನೀರು ನಿಂತಿತ್ತೋ ಹರಿಯುತ್ತಿತ್ತೋ ಎಂದು ತಜ್ಞರು ಹೇಳಬಲ್ಲರು. ಕ್ರಿ.ಶ. 1ನೇ ಶತಮಾನದ ಹೊತ್ತಿಗೆ ಈ ಬಂದರು ಹೂಳು ತುಂಬಿ ಉಪಯೋಗಕ್ಕೆ ಬಾರದಂತಾಗಿತ್ತು. ಸ್ಟ್ರಾಬೋ ಬರೆದದ್ದು ಅತಿಶಯೋಕ್ತಿಯಲ್ಲ.

ಈ ಅನಾನುಕೂಲದ ಜಾಗವನ್ನು ರೋಮನರು ಬಿಟ್ಟುಬಿಡಲಿಲ್ಲವೇಕೆ ಎಂಬುದಕ್ಕೆ ಉತ್ತರ ಗೋಧಿಯಲ್ಲಿದೆ. ಆಗಸ್ಟಸ್‌ನ ಕಾಲದಲ್ಲಿ ರೋಮ್ ನಗರದ ಸುಮಾರು 2,00,000 ನಾಗರಿಕರಿಗೆ ಸರ್ಕಾರ ಉಚಿತವಾಗಿ ಗೋಧಿ ಹಂಚುತ್ತಿತ್ತು. ಒಬ್ಬೊಬ್ಬರ ಪಾಲು ತಿಂಗಳಿಗೆ ಐದು ಮೋದಿಯುಸ್. ಮೋದಿಯುಸ್ ಎಂಬುದು ನಮ್ಮ ಕೊಳಗದಂತೆ ಒಂದು ಅಳತೆಯ ಪಾತ್ರೆ. ಅದರಲ್ಲಿ ಸುಮಾರು 6.7 ಕಿಲೋ ಗೋಧಿ ಹಿಡಿಯುತ್ತಿತ್ತು. ಲೆಕ್ಕ ಹಾಕಿದರೆ ಉಚಿತ ಹಂಚಿಕೆಯೊಂದಕ್ಕೇ ವರ್ಷಕ್ಕೆ 1.2 ಕೋಟಿ ಮೋದಿಯುಸ್, ಅಂದರೆ ಸುಮಾರು 80,000 ಟನ್ ಗೋಧಿ ಬೇಕಾಗುತ್ತಿತ್ತು. ಹತ್ತು ಲಕ್ಷದಷ್ಟು ಜನರಿದ್ದರೆಂದು ವಿದ್ವಾಂಸರು ಅಂದಾಜು ಮಾಡುವ ನಗರದಲ್ಲಿ ಉಳಿದವರು ಕೊಂಡು ತಿನ್ನುತ್ತಿದ್ದುದು ಇದರ ಮೇಲೆ. ಅಷ್ಟು ಧಾನ್ಯವನ್ನು ಇಟಲಿಯ ಹೊಲಗಳಿಂದ ಎತ್ತಿನ ಗಾಡಿಗಳಲ್ಲಿ ಸಾಗಿಸುವುದು ಕೈಗೂಡುವ ಮಾತಲ್ಲ. ಈಜಿಪ್ಟ್, ಉತ್ತರ ಆಫ್ರಿಕಾ, ಸಿಸಿಲಿ, ಸಾರ್ಡೀನಿಯಾಗಳಿಂದ ಹಡಗಿನಲ್ಲಿ ತರಿಸಿ, ನದಿಯ ಮೂಲಕ ಮೇಲಕ್ಕೆ ಎಳೆಸುವುದೊಂದೇ ದಾರಿಯಾಗಿತ್ತು, ಮತ್ತು ರೋಮಿಗೆ ಹೋಗುವ ನದಿ ಟೈಬರ್ ಒಂದೇ.

ಗೋಧಿ ತಡವಾದರೆ ಏನಾಗುತ್ತಿತ್ತು ಎಂಬುದನ್ನು ಕ್ಲಾಡಿಯುಸ್ ಚಕ್ರವರ್ತಿ ಸ್ವತಃ ಅನುಭವಿಸಿದ. ಕ್ರಿ.ಶ. 51ರಲ್ಲಿ ನಗರದಲ್ಲಿ ಹದಿನೈದು ದಿನಗಳಿಗಾಗುವಷ್ಟು ಆಹಾರ ಮಾತ್ರ ಉಳಿದಿತ್ತೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ನಗರದ ಚೌಕದಲ್ಲಿ ಜನ ಚಕ್ರವರ್ತಿಯನ್ನು ಸುತ್ತುಗಟ್ಟಿ, ಬೈದು, ರೊಟ್ಟಿಯ ತುಂಡುಗಳನ್ನು ಅವನ ಮೇಲೆ ಎಸೆದರಂತೆ. ಆ ಹೊತ್ತಿಗೆ ಕ್ಲಾಡಿಯುಸ್ ಈ ಸಮಸ್ಯೆಗೆ ಪರಿಹಾರವನ್ನು ಆರಂಭಿಸಿಯಾಗಿತ್ತು. ಎಂಜಿನಿಯರುಗಳು ಖರ್ಚಿನ ಹೆದರಿಕೆ ತೋರಿಸಿ ತಡೆದರೂ ಕೇಳದೆ, ಅವನು ಕ್ರಿ.ಶ. 42ರಲ್ಲಿ ಓಸ್ಟಿಯಾದಿಂದ ಮೂರು ಕಿಲೋಮೀಟರಿನಷ್ಟು ಉತ್ತರಕ್ಕೆ ಒಂದು ಕೃತಕ ಬಂದರಿನ ಕೆಲಸವನ್ನು ತೊಡಗಿಸಿದ. ಸುಮಾರು 200 ಹೆಕ್ಟೇರಿನ ಜಲಾಶಯವೊಂದನ್ನು ತೋಡಿ, ಕಡಲಿನ ಕಡೆ ಎರಡು ಬಾಹುಗಳಂತೆ ಅಲೆತಡೆಗಳನ್ನು ಕಟ್ಟಲಾಯಿತು. ಇದರಲ್ಲಿ ಬಳಸಿದ ಗಾರೆ ನೇಪಲ್ಸ್ ಕೊಲ್ಲಿಯ ಜ್ವಾಲಾಮುಖಿ ಬೂದಿ ಬೆರೆತದ್ದು. ನೀರಿನೊಳಗೇ ಗಟ್ಟಿಯಾಗುವ ಗುಣ ಅದಕ್ಕಿದೆ. ದೀಪಸ್ತಂಭದ ತಳಪಾಯದ ಕಥೆ ಇನ್ನೂ ಸ್ವಾರಸ್ಯಕರ. ಇಂದು ವ್ಯಾಟಿಕನ್ನಿನ ಸಂತ ಪೀಟರ್ ಚೌಕದಲ್ಲಿ ನಿಂತಿರುವ ಈಜಿಪ್ಟಿನ ಏಕಶಿಲಾ ಸ್ತಂಭವನ್ನು ಹಿಂದಿನ ಚಕ್ರವರ್ತಿ ಕಲಿಗುಲ ಒಂದು ದೈತ್ಯ ಹಡಗಿನಲ್ಲಿ ತರಿಸಿದ್ದ. ಹಡಗು ಅಲುಗದಂತೆ ಅದರ ತಳದಲ್ಲಿ 1,20,000 ಮೋದಿಯುಸ್ ಚನ್ನಂಗಿ ಬೇಳೆ ತುಂಬಿದ್ದರೆಂದು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಆ ಹಡಗನ್ನೇ ಬಂದರಿನ ಬಾಯಿಗೆ ತಂದು, ಗಾರೆ ತುಂಬಿ ಮುಳುಗಿಸಿ, ಅದರ ಮೇಲೆ ದೀಪಸ್ತಂಭ ಎಬ್ಬಿಸಿದರು.

ಆದರೂ ಜಲಾಶಯ ಬಹಳ ವಿಶಾಲವಾಗಿದ್ದುದೇ ದೋಷವಾಯಿತು. ಕ್ರಿ.ಶ. 62ರ ಬಿರುಗಾಳಿಯಲ್ಲಿ ಈ ಬಂದರಿನ ಒಳಗೇ ಸುಮಾರು 200 ಹಡಗುಗಳು ನಾಶವಾದವು. ಅಲೆಕ್ಸಾಂಡ್ರಿಯಾದ ಗೋಧಿ ಹಡಗುಗಳು ನೇಪಲ್ಸ್ ಬಳಿಯ ಪುತೆಯೊಲಿ ಬಂದರನ್ನು ಬಿಟ್ಟುಕೊಡಲಿಲ್ಲ. ಇದಕ್ಕೆ ಗಟ್ಟಿಯಾದ ಉತ್ತರ ಬಂದದ್ದು ಕ್ರಿ.ಶ. 2ನೇ ಶತಮಾನದ ಆರಂಭದಲ್ಲಿ, ಟ್ರಾಜನ್ ಚಕ್ರವರ್ತಿಯಿಂದ. ಅವನು ಕ್ಲಾಡಿಯುಸ್‌ನ ಬಂದರಿನ ಒಳಭಾಗಕ್ಕೆ, ನೆಲವನ್ನು ಅಗೆದು, ಷಟ್ಕೋನಾಕಾರದ ಎರಡನೆಯ ಕೊಳವನ್ನು ಮಾಡಿಸಿದ. ಒಂದೊಂದು ಬದಿಯ ಉದ್ದ ಸುಮಾರು 358 ಮೀಟರ್. ಆರು ಬದಿಯಾದ್ದರಿಂದ ಹಡಗು ನಿಲ್ಲಿಸುವ ನೇರ ಧಕ್ಕೆಯೂ ಹೆಚ್ಚು, ಸುತ್ತಲೂ ಕಣಜ ಕಟ್ಟಲು ಸ್ಥಳವೂ ಹೆಚ್ಚು. ಹೊರಗಿನ ಬಂದರು ಅಲೆಯ ಹೊಡೆತವನ್ನು ತಡೆಯುವುದರಿಂದ ಒಳಗೆ ನೀರು ನಿಶ್ಚಲ. ಅಲ್ಲಿಂದ ಟೈಬರ್‌ಗೆ ಒಂದು ಕಾಲುವೆಯನ್ನೂ ತೋಡಿಸಿದರು. ಅದೇ ಇಂದಿನ ಫಿಯುಮಿಚೀನೊ ಕಾಲುವೆ. ಎರಡೂ ಬಂದರುಗಳನ್ನು ಒಳಗೊಂಡ ಈ ನೆಲೆಗೆ ಪೋರ್ಟುಸ್ ಎಂಬ ಹೆಸರಾಯಿತು. ರೋಮಿನ ಫಿಯುಮಿಚೀನೊ ವಿಮಾನ ನಿಲ್ದಾಣದಲ್ಲಿ ಇಳಿಯುವವರು ಅದೃಷ್ಟವಿದ್ದರೆ ಕಿಟಕಿಯಿಂದ ಈ ಷಟ್ಕೋನವನ್ನು ಕಾಣಬಹುದು, ಅದರಲ್ಲಿ ಇನ್ನೂ ನೀರಿದೆ. ಕ್ಲಾಡಿಯುಸ್‌ನ ಬಂದರು ಮಾತ್ರ ಪೂರ್ತಿ ಹೂತುಹೋಗಿದೆ. 1950ರ ದಶಕದ ಕೊನೆಯಲ್ಲಿ ಅದೇ ವಿಮಾನ ನಿಲ್ದಾಣವನ್ನು ಕಟ್ಟಲು ನೆಲ ಅಗೆದಾಗ ಪ್ರಾಚೀನ ಹಡಗುಗಳ ಮರದ ಒಡಲುಗಳೇ ಅಲ್ಲಿ ಸಿಕ್ಕವು.

ಹೊಸ ಬಂದರು ಮೂರು ಕಿಲೋಮೀಟರ್ ಆಚೆ ಎದ್ದ ಮೇಲೆ ಓಸ್ಟಿಯಾ ಮಂಕಾಗಬೇಕಾಗಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ. ನಡೆದದ್ದು ತದ್ವಿರುದ್ಧ. ಇಂದು ಕಾಣುವ ಇಟ್ಟಿಗೆಯ ಓಸ್ಟಿಯಾದ ಬಹುಪಾಲು ಕಟ್ಟಿದ್ದು 2ನೇ ಶತಮಾನದಲ್ಲಿ, ಟ್ರಾಜನ್, ಹೇಡ್ರಿಯನ್ ಮತ್ತು ಅವರ ನಂತರದವರ ಕಾಲದಲ್ಲಿ. ಇದು ಹೇಗೆ ಗೊತ್ತಾಯಿತು ಎಂಬುದು ಪುರಾತತ್ತ್ವದ ಒಂದು ಅಚ್ಚುಕಟ್ಟಾದ ಪಾಠ. ರೋಮನ್ ಇಟ್ಟಿಗೆ ತಯಾರಕರು ಹಸಿ ಇಟ್ಟಿಗೆಯ ಮೇಲೆ ಮುದ್ರೆಯೊತ್ತುತ್ತಿದ್ದರು: ಜಮೀನಿನ ಒಡೆಯನ ಹೆಸರು, ಭಟ್ಟಿಯವನ ಹೆಸರು, ಕೆಲವೊಮ್ಮೆ ಆ ವರ್ಷದ ಇಬ್ಬರು ಕಾನ್ಸಲ್‌ಗಳ, ಅಂದರೆ ವರ್ಷವರ್ಷವೂ ಬದಲಾಗುತ್ತಿದ್ದ ಉನ್ನತ ಅಧಿಕಾರಿಗಳ, ಹೆಸರು. ಕಾನ್ಸಲ್‌ಗಳ ಪಟ್ಟಿ ನಮ್ಮಲ್ಲಿ ಉಳಿದಿರುವುದರಿಂದ ಮುದ್ರೆಯೇ ತಾರೀಖಾಗುತ್ತದೆ. ಪೈತಿನುಸ್ ಮತ್ತು ಅಪ್ರೋನಿಯಾನುಸ್ ಎಂಬ ಹೆಸರುಗಳಿದ್ದರೆ ಆ ಇಟ್ಟಿಗೆ ಕ್ರಿ.ಶ. 123ರದ್ದು. ಒಂದು ಗೋಡೆಯಲ್ಲಿ ಇಂತಹ ಇಟ್ಟಿಗೆಗಳು ಹೇರಳವಾಗಿದ್ದರೆ ಆ ಗೋಡೆಯನ್ನು ಅದಾದ ಕೆಲವೇ ವರ್ಷಗಳಲ್ಲಿ ಕಟ್ಟಿದ್ದಾರೆಂದು ಊಹಿಸಬಹುದು. ಹಳೆಯ ಇಟ್ಟಿಗೆಯನ್ನು ಮತ್ತೆ ಬಳಸಿರುವ ಸಾಧ್ಯತೆ ಇರುವುದರಿಂದ ಒಂದೇ ಇಟ್ಟಿಗೆಯನ್ನು ನಂಬಿ ತೀರ್ಮಾನಕ್ಕೆ ಬರುವಂತಿಲ್ಲ. ಪಟ್ಟಣವನ್ನು ಹೀಗೆ ಹೊಸದಾಗಿ ಕಟ್ಟುವಾಗ ಹಲವು ಕಡೆ ಹಳೆಯ ಮನೆಗಳನ್ನು ಕೆಡವಿ, ಆ ಮಣ್ಣನ್ನೇ ಹರಡಿ ನೆಲದ ಮಟ್ಟವನ್ನು ಸುಮಾರು ಒಂದು ಮೀಟರ್ ಎತ್ತರಿಸಿದ್ದರು.

ಪೋರ್ಟುಸ್ ಹಡಗುಗಳ ಜಾಗವಾಯಿತು, ಓಸ್ಟಿಯಾ ಮನುಷ್ಯರ ಜಾಗವಾಗಿ ಉಳಿಯಿತು. ಬಂದರೆಂದರೆ ನಾವು ಧಕ್ಕೆಯನ್ನು ಮಾತ್ರ ಕಣ್ಣಮುಂದೆ ತಂದುಕೊಳ್ಳುತ್ತೇವೆ. ಅದಕ್ಕೆ ಕಚೇರಿ ಬೇಕು, ಅಳೆಯುವವರು, ಹೊರುವವರು, ಲೆಕ್ಕ ಬರೆಯುವವರು, ಬೆಂಕಿ ಆರಿಸುವವರು, ಅವರೆಲ್ಲರಿಗೆ ಮನೆ, ರೊಟ್ಟಿ, ಸ್ನಾನ, ಪೂಜೆ ಬೇಕು. ಒಟ್ಟು 50,000ದವರೆಗೆ ಜನರಿದ್ದಿರಬಹುದೆಂದು ಸಾಮಾನ್ಯವಾಗಿ ಅಂದಾಜು ಮಾಡುವ ಓಸ್ಟಿಯಾದ ಅವಶೇಷಗಳಲ್ಲಿ ಈ ಬಂದರಿನ ಒಳಗೆಲಸವೆಲ್ಲ ಕಾಣಸಿಗುತ್ತದೆ.

ಅದು ಎಲ್ಲಕ್ಕಿಂತ ಸ್ಪಷ್ಟವಾಗಿರುವುದು ರಂಗಮಂದಿರದ ಹಿಂದಿನ ಚೌಕದಲ್ಲಿ. ಇಂದು ಅದನ್ನು ‘ಸಂಘಗಳ ಚೌಕ’ ಎಂದು ಕರೆಯುತ್ತಾರೆ. ನಡುವೆ ಒಂದು ದೇವಾಲಯ. ಮೂರು ಬದಿಗಳಲ್ಲಿ ಕಂಬಸಾಲಿನ ಹಿಂದೆ ಸುಮಾರು 60 ಸಣ್ಣ ಕೋಣೆಗಳು. ಪ್ರತಿಯೊಂದು ಕೋಣೆಯ ಮುಂದಿನ ನೆಲದಲ್ಲಿ ಕಪ್ಪು ಬಿಳಿ ಹರಳುಗಳ ಮೊಸಾಯಿಕ್ ಚಿತ್ರವಿದೆ, ಹಲವದರಲ್ಲಿ ಬರಹವೂ ಇದೆ: ಕಾರ್ಥೇಜಿನ ಹಡಗುದಾರರು, ಸಾರ್ಡೀನಿಯಾದ ಕಾಲ್ಯಾರಿಯ ಹಡಗುದಾರರು ಮತ್ತು ವರ್ತಕರು, ಗಾಲ್ (ಇಂದಿನ ಫ್ರಾನ್ಸ್) ಪ್ರಾಂತ್ಯದ ನಾರ್ಬೋನ್‌ನವರು, ತೊಗಲಿನ ಕೆಲಸದವರ ಸಂಘ. ಇಂದಿನ ಲಿಬಿಯಾದಲ್ಲಿರುವ ಸಬ್ರಾಥಾದವರ ಕೋಣೆಯ ಮುಂದೆ ಒಂದು ಆನೆಯಿದೆ. ಊರಿನ ಹೆಸರನ್ನು ಓದಲು ಬಾರದ ಹಮಾಲಿಯೂ ಆ ಆನೆಯನ್ನು ಗುರುತು ಹಿಡಿದು ಬರಬಹುದಾಗಿತ್ತು. ಇನ್ನೊಂದು ಚಿತ್ರದಲ್ಲಿ ಕಡಲ ಹಡಗಿನಿಂದ ನದಿಯ ದೋಣಿಗೆ ಒಬ್ಬಾತ ಮಣ್ಣಿನ ಜಾಡಿಯನ್ನು ಹೊತ್ತು ದಾಟುತ್ತಿದ್ದಾನೆ. ಈ ಕೋಣೆಗಳು ನಿಜವಾಗಿ ವ್ಯಾಪಾರದ ಕಚೇರಿಗಳೋ, ಅಥವಾ ರಂಗಮಂದಿರಕ್ಕೂ ದೇವಾಲಯಕ್ಕೂ ದೇಣಿಗೆ ಕೊಟ್ಟ ಸಂಘಗಳ ಹೆಸರನ್ನು ಮೆರೆಸುವ ಸಭಾಸ್ಥಳಗಳೋ ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ‘ತಮ್ಮ ಸ್ವಂತ ಹಣದಿಂದ’ ಎಂಬ ಮಾತು ಕೆಲವು ಬರಹಗಳಲ್ಲಿರುವುದು ಎರಡನೆಯ ವಾದಕ್ಕೆ ಬಲ ಕೊಡುತ್ತದೆ. ನನಗೆ ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳುವ ಅಗತ್ಯ ಕಾಣುವುದಿಲ್ಲ. ದೇಣಿಗೆಯ ಫಲಕದ ಕೆಳಗೆ ಕುಳಿತು ವ್ಯವಹಾರ ಮಾತಾಡುವುದು ಯಾವ ಕಾಲದ ವರ್ತಕರಿಗೂ ಹೊಸತಲ್ಲ.

ಗೋಧಿ ಕೈ ಬದಲಾಯಿಸುವ ಕ್ಷಣದ ಚಿತ್ರವೂ ಉಳಿದಿದೆ. ಧಾನ್ಯ ಅಳೆಯುವವರ ಸಂಘದ ಸಭಾಂಗಣದ ನೆಲದಲ್ಲಿ, 3ನೇ ಶತಮಾನದ ಒಂದು ಮೊಸಾಯಿಕ್‌ನಲ್ಲಿ, ಮಧ್ಯೆ ಒಂದು ಮೋದಿಯುಸ್ ಪಾತ್ರೆ. ಪಕ್ಕದಲ್ಲಿ ಅಳೆಯುವವನು, ಪಾತ್ರೆಯ ಬಾಯಿಗೆ ಸಮನಾಗಿ ಧಾನ್ಯವನ್ನು ಸವರುವ ಕೋಲನ್ನು ಹಿಡಿದು ನಿಂತಿದ್ದಾನೆ. ಮೂಟೆ ಹೊತ್ತವನೊಬ್ಬ ಬರುತ್ತಿದ್ದಾನೆ; ಒಬ್ಬ ಹುಡುಗನ ಕೈಯಲ್ಲಿ ಎಣಿಕೆಯ ಕಡ್ಡಿಗಳನ್ನು ಪೋಣಿಸಿದ ದಾರವಿದೆ. ರಾಶಿ ಅಳೆಯುವುದನ್ನು ಕಂಡಿರುವವರಿಗೆ ಆ ಸವರುವ ಕೋಲಿನ ಮಹತ್ವ ಗೊತ್ತು. ಪಾತ್ರೆಯ ಮೇಲೆ ಗೋಪುರದಂತೆ ನಿಂತ ಧಾನ್ಯ ಯಾರ ಪಾಲು ಎಂಬುದೇ ಎಲ್ಲ ಜಗಳದ ಮೂಲ, ಮತ್ತು ಲಕ್ಷಗಟ್ಟಲೆ ಮೋದಿಯುಸ್‌ಗಳ ವ್ಯವಹಾರದಲ್ಲಿ ಆ ಒಂದು ಬೊಗಸೆ ಸಣ್ಣದೇನಲ್ಲ.

ಅಳೆದ ಧಾನ್ಯ ಕಣಜಗಳಿಗೆ ಹೋಗುತ್ತಿತ್ತು. ಓಸ್ಟಿಯಾದ ದೊಡ್ಡ ಕಣಜಗಳನ್ನು ನೋಡಿದರೆ ಗೋಧಿಯ ಶತ್ರುಗಳು ಯಾವುವೆಂದು ತಿಳಿಯುತ್ತದೆ. ನೆಲದ ತೇವ ತಾಗದಿರಲೆಂದು ಕೋಣೆಗಳ ನೆಲವನ್ನು ಗಿಡ್ಡ ಗೋಡೆಗಳ ಮೇಲೆ ಎತ್ತರಿಸಿ, ಅಡಿಯಲ್ಲಿ ಗಾಳಿಯಾಡಲು ಬಿಟ್ಟಿದ್ದಾರೆ. ರಾಶಿಯ ಒತ್ತಡವನ್ನೂ ಬಿಸಿಲಿನ ಕಾವನ್ನೂ ತಡೆಯಲು ಗೋಡೆಗಳು ದಪ್ಪ. ಕಿಟಕಿಗಳು ಎತ್ತರದಲ್ಲಿ ಸೀಳಿದಂತೆ ಕಿರಿದು. ಕಳ್ಳರ ಭಯಕ್ಕೆ ಪ್ರವೇಶದ್ವಾರಗಳು ಕಡಿಮೆ. 2ನೇ ಶತಮಾನದ ನಡುವಿನ ಒಂದು ಖಾಸಗಿ ಉಗ್ರಾಣದ ಬಾಗಿಲು ಮಾತ್ರ ಅರಮನೆಯ ಬಾಗಿಲಿನಂತಿದೆ: ಇಟ್ಟಿಗೆಯಲ್ಲೇ ಕಡೆದಂತಹ ಕಂಬಗಳು, ತ್ರಿಕೋನ ಮುಖಮಂಟಪ, ಅದರಡಿ ಅಮೃತಶಿಲೆಯ ಫಲಕದಲ್ಲಿ ಎಪಗಾಥುಸ್ ಮತ್ತು ಎಪಫ್ರೋದಿತುಸ್ ಎಂಬ ಇಬ್ಬರ ಹೆಸರಿನ ಉಗ್ರಾಣವೆಂಬ ಬರಹ. ಇವು ಗ್ರೀಕ್ ಹೆಸರುಗಳು. ಹೀಗಾಗಿ ಅವರು ಗುಲಾಮಗಿರಿಯಿಂದ ಬಿಡುಗಡೆಯಾಗಿ ಹಣ ಮಾಡಿದವರೆಂದು ತಿಳಿಯಲಾಗಿದೆ. ಎಣ್ಣೆ ಮತ್ತು ದ್ರಾಕ್ಷಾರಸದ ಶೇಖರಣೆ ಬೇರೆ ಬಗೆಯದು. ಒಂದು ಕಟ್ಟಡದಲ್ಲಿ ಸುಮಾರು 1,000 ಲೀಟರ್ ಹಿಡಿಯುವ 35 ದೊಡ್ಡ ಗುಡಾಣಗಳನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತಿದ್ದಾರೆ. ಅಂಚಿನ ಮೇಲೆ ಅವುಗಳ ಅಳತೆಯ ಗುರುತುಗಳಿವೆ.

ಉಳಿದ ಸರಕು ನದಿಯ ದೋಣಿಗಳನ್ನು ಏರಿ, ದಡದ ಮೇಲೆ ನಡೆಯುವ ಎತ್ತುಗಳೋ ಆಳುಗಳೋ ಹಗ್ಗ ಹಿಡಿದು ಎಳೆಯುತ್ತಿದ್ದಂತೆ, ಸುಮಾರು ಮೂರು ದಿನಗಳಲ್ಲಿ ರೋಮನ್ನು ತಲುಪುತ್ತಿತ್ತು. ಈ ದಾರಿಯಲ್ಲಿ ಬರುತ್ತಿದ್ದುದು ಗೋಧಿಯೊಂದೇ ಅಲ್ಲ. ದಕ್ಷಿಣ ಭಾರತದ ಕರಿಮೆಣಸು ಕೆಂಪು ಸಮುದ್ರದ ಬಂದರುಗಳಲ್ಲಿ ಇಳಿದು, ಮರುಭೂಮಿ ದಾಟಿ, ನೈಲ್ ನದಿಯ ಮೂಲಕ ಅಲೆಕ್ಸಾಂಡ್ರಿಯಾಕ್ಕೆ ಬಂದು, ಅಲ್ಲಿಂದ ಇಟಲಿಯ ಹಡಗೇರುತ್ತಿತ್ತು. ರೋಮಿನಲ್ಲಿ ಮೆಣಸಿಗೆಂದೇ ಒಂದು ಉಗ್ರಾಣವಿತ್ತು. ಈ ವ್ಯಾಪಾರದ ಬೆಲೆಯಾಗಿ ಇತ್ತ ಹರಿದು ಬಂದ ನಾಣ್ಯಗಳಲ್ಲಿ ಕೆಲವು ಒಳನಾಡಿಗೂ ತಲುಪಿದ್ದವು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಅಗೆತದಲ್ಲಿ ಶಾತವಾಹನರ ಕಾಲದ ವಸ್ತುಗಳ ಜೊತೆಗೆ ಆಗಸ್ಟಸ್ ಮತ್ತು ಟೈಬೀರಿಯುಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ.

ಓಸ್ಟಿಯಾದ ಮನೆಗಳಿಗೆ ಕನ್ನಡದಲ್ಲಿ ಸಿದ್ಧವಾದ ಪದವಿದೆ: ವಠಾರ. ಪಾಂಪೇಯಲ್ಲಿ ನಡುವೆ ತೊಟ್ಟಿಯಿರುವ ಒಂಟಿ ಮನೆಗಳು ಹೆಚ್ಚು. ಓಸ್ಟಿಯಾದಲ್ಲಿ ನಾಲ್ಕೈದು ಅಂತಸ್ತಿನ ಇಟ್ಟಿಗೆಯ ಕಟ್ಟಡಗಳು. ಕೆಳಗೆ ಬೀದಿಗೆ ತೆರೆದ ಅಂಗಡಿಗಳು, ಅಂಗಡಿಗಳ ನಡುವೆ ಬೀದಿಯಿಂದ ನೇರವಾಗಿ ಮೇಲೇರುವ ಮೆಟ್ಟಿಲು, ಮೇಲೆ ಬಾಡಿಗೆಯ ಕೋಣೆಗಳು. ಅಂಗಡಿಗಳ ಹೊಸ್ತಿಲಿನ ಕಲ್ಲಿನಲ್ಲಿ ಉದ್ದನೆಯ ತೋಡು ಕೊರೆದಿದೆ. ಮರದ ಹಲಗೆಗಳನ್ನು ಒಂದೊಂದಾಗಿ ಅದರೊಳಗೆ ಸರಿಸಿ ಬಾಗಿಲು ಹಾಕುತ್ತಿದ್ದರು. ನಮ್ಮ ಹಳೆಯ ಪೇಟೆಗಳ ಹಲಗೆ ಬಾಗಿಲಿನ ಅಂಗಡಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ರೋಮ್ ನಗರದ ಬಹುಸಂಖ್ಯೆಯ ಜನ ಬಾಳಿದ್ದೂ ಇಂತಹ ಕಟ್ಟಡಗಳಲ್ಲಿಯೇ, ಆದರೆ ಅಲ್ಲಿ ಅವುಗಳ ಮೇಲೆ ಹೊಸ ನಗರ ನಿಂತಿದೆ. ಆದುದರಿಂದ ರೋಮಿನ ಸಾಮಾನ್ಯರ ಮನೆ ಹೇಗಿತ್ತೆಂದು ತಿಳಿಯಲು ಓಸ್ಟಿಯಾಕ್ಕೇ ಬರಬೇಕು. ‘ಡಯಾನಾಳ ಮನೆ’ ಎಂಬ ವಠಾರದ ಎದುರು ಬದಿಯಲ್ಲಿ ಒಂದು ಹೋಟೆಲಿದೆ: ಕಲ್ಲಿನ ಕಟ್ಟೆ, ಲೋಟ ಜೋಡಿಸುವ ಮೆಟ್ಟಿಲಿನಂತಹ ಹಂತಗಳು, ಗೋಡೆಯ ಮೇಲೆ ತಿನಿಸುಗಳ ಚಿತ್ರ, ಹಿಂದೆ ಕುಳಿತು ತಿನ್ನಲು ಅಂಗಳ. ವಠಾರದ ಹೆಚ್ಚಿನ ಕೋಣೆಗಳಲ್ಲಿ ಅಡುಗೆಗೆ ಅನುಕೂಲವಿರಲಿಲ್ಲವಾದ್ದರಿಂದ ಇಂತಹ ಹೋಟೆಲುಗಳು ಅಗತ್ಯವೇ ಆಗಿದ್ದವು. ಸ್ನಾನಕ್ಕೆ ಸಾರ್ವಜನಿಕ ಸ್ನಾನಗೃಹ. ನೆಪ್ಚೂನ್ ದೇವರು ಕಡಲಕುದುರೆಗಳ ರಥದಲ್ಲಿ ಸಾಗುವ ದೊಡ್ಡ ಮೊಸಾಯಿಕ್ ಇರುವುದು ಅವುಗಳಲ್ಲೊಂದರಲ್ಲಿ. ಅದರ ಪಕ್ಕದಲ್ಲೇ ಬೆಂಕಿ ಆರಿಸುವ ದಳದ ವಸತಿಯಿದೆ. ಕಣಜಗಳಿಗೆ ಬೆಂಕಿ ಬಿದ್ದರೆ ರೋಮ್ ಉಪವಾಸ ಬೀಳುತ್ತದೆಂಬ ಕಾರಣದಿಂದ ಕ್ಲಾಡಿಯುಸ್‌ನೇ ಇಲ್ಲಿ ಒಂದು ತುಕಡಿಯನ್ನು ಇರಿಸಿದ್ದ.

ದೂರದೂರದಿಂದ ಬಂದವರು ತಮ್ಮ ದೇವರುಗಳನ್ನೂ ತಂದರು. ಪರ್ಷಿಯಾದ ಹೆಸರುಳ್ಳ ಮಿತ್ರ ದೇವತೆಯ ಗುಹೆಯಂತಹ ಗುಡಿಗಳು ಓಸ್ಟಿಯಾದಲ್ಲಿ ಹದಿನೈದಕ್ಕೂ ಹೆಚ್ಚು ಸಿಕ್ಕಿವೆ. ಎಲ್ಲವೂ ಸಣ್ಣವು, ಎರಡೂ ಬದಿಗೆ ಜಗಲಿ, ಮೂವತ್ತು ನಲವತ್ತು ಜನ ಕೂರುವಷ್ಟು. 1961ರಲ್ಲಿ ವಿಮಾನ ನಿಲ್ದಾಣದ ರಸ್ತೆ ಮಾಡುವಾಗ ಕಡಲ ಬಾಗಿಲಿನ ಹೊರಗೆ ಒಂದು ಸಿನಗಾಗ್ (ಯಹೂದಿಗಳ ಪ್ರಾರ್ಥನಾಮಂದಿರ) ಬೆಳಕಿಗೆ ಬಂತು. ಅದು ಯುರೋಪಿನ ಅತ್ಯಂತ ಹಳೆಯ ಸಿನಗಾಗ್‌ಗಳಲ್ಲೊಂದು. ಸತ್ತವರ ಊರು ಇದ್ದದ್ದು ಪೋರ್ಟುಸ್ ಮತ್ತು ಓಸ್ಟಿಯಾಗಳ ನಡುವೆ, ಟ್ರಾಜನ್‌ನ ಕಾಲುವೆಯಿಂದಾಗಿ ದ್ವೀಪವಾದ ಈಸೊಲ ಸಾಕ್ರ ಎಂಬಲ್ಲಿ. ಅಲ್ಲಿನ ಸಮಾಧಿಗಳ ಬಾಗಿಲಿಗೆ ಜನ ತಮ್ಮ ಕಸುಬಿನ ಚಿತ್ರವನ್ನು ಹಾಕಿಸಿದ್ದಾರೆ. ಸ್ಕ್ರಿಬೋನಿಯಾ ಅತ್ತೀಚೆ ಎಂಬ ಸೂಲಗಿತ್ತಿ ಹೆರಿಗೆಯ ಕುರ್ಚಿಯ ಮುಂದೆ ಕುಳಿತು ಹೆರುತ್ತಿರುವವಳನ್ನು ನೋಡಿಕೊಳ್ಳುತ್ತಿದ್ದಾಳೆ. ಪಕ್ಕದ ಫಲಕದಲ್ಲಿ ಅವಳ ಗಂಡ ರೋಗಿಯ ಕಾಲಿಗೆ ಚಿಕಿತ್ಸೆ ಮಾಡುತ್ತಿದ್ದಾನೆ. ಸಮಾಧಿ ಕಟ್ಟಿಸಲಾಗದವರ ಗುರುತಿಗೆ ನೆಲದಿಂದ ಮೇಲೆದ್ದ ಒಡೆದ ಜಾಡಿಯ ಕುತ್ತಿಗೆಯಿದೆ. ತರ್ಪಣ ಬಿಡುವುದು ಅದರ ಮೂಲಕವೇ.

ಇಳಿಗಾಲಕ್ಕೆ ಒಂದೇ ಕಾರಣವಿಲ್ಲ. 3ನೇ ಶತಮಾನದ ನಂತರ ಸಾಮ್ರಾಜ್ಯದ ವ್ಯಾಪಾರ ಕುಗ್ಗಿತು, 4ನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಪೋರ್ಟುಸ್‌ಗೆ ಪ್ರತ್ಯೇಕ ನಗರದ ಸ್ಥಾನ ಕೊಟ್ಟ, ಓಸ್ಟಿಯಾದ ಕೆಲಸಗಾರರ ವಠಾರಗಳು ಖಾಲಿಯಾಗಿ ಅವುಗಳ ಮಧ್ಯೆ ಕೆಲವು ಶ್ರೀಮಂತರ ಮನೆಗಳು ಎದ್ದವು. ಕ್ರಿ.ಶ. 387ರಲ್ಲಿ ಸಂತ ಅಗಸ್ಟೀನ್ ಆಫ್ರಿಕಾಕ್ಕೆ ಹಡಗು ಕಾಯುತ್ತ ಇಲ್ಲಿ ತಂಗಿದ್ದಾಗ ಅವನ ತಾಯಿ ಮೋನಿಕಾ ತೀರಿಕೊಂಡಳು. 1945ರಲ್ಲಿ ಆಟದ ಕಂಬ ನೆಡಲು ಗುಂಡಿ ತೋಡುತ್ತಿದ್ದ ಇಬ್ಬರು ಹುಡುಗರಿಗೆ ಅವಳ ಸಮಾಧಿಫಲಕದ ತುಂಡು ಸಿಕ್ಕಿತು. 5ನೇ ಶತಮಾನದ ಆರಂಭದಲ್ಲಿ ರೋಮಿನಿಂದ ಗಾಲ್‌ಗೆ ಹೊರಟ ರುತೀಲಿಯುಸ್ ಎಂಬ ಕವಿ, ಓಸ್ಟಿಯಾದ ಕಡೆಯ ನದಿಬಾಯಿ ಮರಳಿನಿಂದ ಮುಚ್ಚಿಹೋಗಿದ್ದರಿಂದ ಪೋರ್ಟುಸ್‌ನಿಂದ ಹಡಗೇರಿದ್ದನ್ನು ಹೇಳುತ್ತಾನೆ. 6ನೇ ಶತಮಾನದ ಇತಿಹಾಸಕಾರ ಪ್ರೋಕೋಪಿಯುಸ್‌ನ ಹೊತ್ತಿಗೆ ರೋಮಿನಿಂದ ಓಸ್ಟಿಯಾಕ್ಕೆ ಬರುವ ಹೆದ್ದಾರಿಯಲ್ಲಿ ಕಾಡು ಬೆಳೆದಿತ್ತು. 9ನೇ ಶತಮಾನದಲ್ಲಿ ಪೋಪ್ 4ನೇ ಗ್ರೆಗರಿ ಉಳಿದ ಜನರಿಗಾಗಿ ಪಕ್ಕದಲ್ಲಿ ಸಣ್ಣ ಕೋಟೆಯ ಊರೊಂದನ್ನು ಕಟ್ಟಿಸಿದ. ಹಳೆಯ ಪಟ್ಟಣ ಕಲ್ಲಿನ ಗಣಿಯಾಯಿತು, ಅಮೃತಶಿಲೆ ಸುಣ್ಣದ ಗೂಡುಗಳಲ್ಲಿ ಬೆಂದಿತು. ಸುತ್ತಲಿನ ಜವುಗಿನಲ್ಲಿ ಮಲೇರಿಯಾ ನೆಲೆಸಿತು. ಕೊನೆಗೆ 1557ರ ದೊಡ್ಡ ನೆರೆಯಲ್ಲಿ ಟೈಬರ್ ತನ್ನ ತಿರುವನ್ನೇ ಕತ್ತರಿಸಿಕೊಂಡು ಬೇರೆ ಪಾತ್ರ ಹಿಡಿಯಿತು. ಬಿಟ್ಟುಹೋದ ಪಾತ್ರಕ್ಕೆ ಅಲ್ಲಿನವರು ಇಟ್ಟ ಹೆಸರು ‘ಸತ್ತ ನದಿ’.

ಅಗೆತದ ಇತಿಹಾಸದ ಬಗ್ಗೆ ಹೊಗಳಿಕೆಯ ಮಾತಷ್ಟನ್ನೇ ಹೇಳುವುದು ಕಷ್ಟ. 19ನೇ ಶತಮಾನದ ಆರಂಭದಲ್ಲಿ ಪೋಪರ ಆಡಳಿತ ನಡೆಸಿದ ಅಗೆತಗಳಿಗೆ ವಿಗ್ರಹಗಳು ಬೇಕಾಗಿದ್ದವು, ಊರು ಬೇಕಾಗಿರಲಿಲ್ಲ. 1884ರಲ್ಲಿ ರವೆನ್ನಾದಿಂದ ಬಂದ ಕೂಲಿಕಾರರು ಜವುಗಿನ ನೀರನ್ನು ಬಸಿಯಲಾರಂಭಿಸಿದ ಮೇಲೆ ಇಲ್ಲಿ ವರ್ಷವಿಡೀ ಕೆಲಸ ಮಾಡುವುದು ಸಾಧ್ಯವಾಯಿತು. 1907ರಿಂದ ಪುರಾತತ್ತ್ವಜ್ಞ ದಾಂತೆ ವಾಲ್ಯೇರಿ ಬೀದಿಯಿಂದ ಬೀದಿಗೆ ಕ್ರಮವಾಗಿ, ಪದರಗಳನ್ನು ಗಮನಿಸುತ್ತ ಅಗೆಸಿದ. ಆದರೆ ಇಂದು ಕಾಣುವ ಪಟ್ಟಣದ ಅರ್ಧದಷ್ಟು ಹೊರಬಂದದ್ದು 1938ರಿಂದ 1942ರವರೆಗಿನ ನಾಲ್ಕೈದು ವರ್ಷಗಳಲ್ಲಿ. 1942ರಲ್ಲಿ ರೋಮಿನಲ್ಲಿ ನಡೆಯಬೇಕಿದ್ದ ವಿಶ್ವ ಪ್ರದರ್ಶನಕ್ಕೆ ಬರುವವರಿಗೆ ಸಾಮ್ರಾಜ್ಯದ ವೈಭವವನ್ನು ತೋರಿಸಬೇಕೆಂಬುದು ಮುಸೊಲೀನಿ ಸರ್ಕಾರದ ಹಂಬಲ. ಪುರಾತತ್ತ್ವಜ್ಞ ಗ್ವೀದೊ ಕಾಲ್ಸಾನ ನೇತೃತ್ವದಲ್ಲಿ ಲಕ್ಷಾಂತರ ಘನಮೀಟರ್ ಮಣ್ಣನ್ನು ತರಾತುರಿಯಲ್ಲಿ ಎತ್ತಿಹಾಕಲಾಯಿತು. ಯುದ್ಧದಿಂದಾಗಿ ಪ್ರದರ್ಶನವೇ ನಡೆಯಲಿಲ್ಲ. ಎತ್ತಿಹಾಕಿದ ಮಣ್ಣಿನೊಂದಿಗೆ 5ನೇ ಶತಮಾನದಿಂದ ಈಚಿನ ಬದುಕಿನ ಕುರುಹುಗಳೂ ಹೋದವು: ಬೀದಿಗೆ ಅಡ್ಡಲಾಗಿ ಎದ್ದ ಬಡ ಗೋಡೆಗಳು, ಹಾಳು ಕೋಣೆಗಳಲ್ಲಿ ಹೂಡಿದ ಒಲೆಗಳು. ಓಸ್ಟಿಯಾ 2ನೇ ಶತಮಾನದಲ್ಲೇ ನಿಂತುಹೋದಂತೆ ಇಂದು ತೋರುವುದಕ್ಕೆ ಈ ಆತುರವೂ ಒಂದು ಕಾರಣ.

ಈಚಿನ ಸಂಶೋಧಕರು ಗುದ್ದಲಿಯನ್ನು ಕಡಿಮೆ ಬಳಸುತ್ತಾರೆ. ಮಣ್ಣಿನಡಿ ಇಟ್ಟಿಗೆಯ ಗೋಡೆಯಿದ್ದರೆ ಅದರ ಮೇಲಿನ ಕಾಂತಕ್ಷೇತ್ರದಲ್ಲಿ ಅತಿ ಸಣ್ಣ ವ್ಯತ್ಯಾಸವಾಗುತ್ತದೆ; ಹೊಲದ ಮೇಲೆ ಸಾಲಾಗಿ ನಡೆಯುತ್ತ ಅದನ್ನು ಅಳೆದು ಗೋಡೆಗಳ ನಕ್ಷೆ ಬರೆಯಬಹುದು. ಇಂತಹ ಸಮೀಕ್ಷೆಯನ್ನು ಟೈಬರ್‌ನ ಉತ್ತರ ದಡದಲ್ಲಿ ನಡೆಸಿದ ಬ್ರಿಟನ್ನಿನ ಸೌತಾಂಪ್ಟನ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ತಂಡ 2014ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿತು. ಆವರೆಗೆ ಓಸ್ಟಿಯಾದ ಉತ್ತರದ ಗಡಿಯೆಂದರೆ ನದಿಯೇ ಎಂದು ಎಲ್ಲ ನಕ್ಷೆಗಳೂ ತೋರಿಸುತ್ತಿದ್ದವು. ಆಚೆ ದಡದಲ್ಲಿಯೂ ಗೋಪುರಗಳಿದ್ದ ಊರಗೋಡೆ ಮುಂದುವರಿದಿತ್ತು, ಅದರೊಳಗೆ ದೊಡ್ಡ ದೊಡ್ಡ ಕಣಜಗಳಿದ್ದವು, ಅಂದರೆ ನದಿ ಪಟ್ಟಣದ ನಡುವೆ ಹರಿಯುತ್ತಿತ್ತು ಎಂದು ಈಗ ತಿಳಿದಿದೆ. ಆ ಕಣಜಗಳ ನಕ್ಷೆ ಕಾಗದದ ಮೇಲೆ ಬಂದಿದೆ. ಗೋಡೆಗಳು ಹೊಲಗಳ ಅಡಿಯಲ್ಲೇ ಇವೆ.